ಯಾರ ಕೈ ಮೊದಲು

ಉಮರ್ಗಾದಲ್ಲಿ ಕಂಬಳಿ ಮಾರುವ ಕಾಶೆಪ್ಪನ ಕೈಗೆ ಆ ಪುಸ್ತಕ ಬಂದದ್ದು ತಪ್ಪಲ್ಲ. ಬಂದದ್ದು ಅರ್ಥವಾಗದೆ ಉಳಿದಿದ್ದರೆ ಯಾರಿಗೂ ಏನೂ ಕೆಡುಕಾಗುತ್ತಿರಲಿಲ್ಲ. ಆದರೆ ಅದು ಅರ್ಥವಾಯಿತು. ಅದೂ ಮಗಳ ಸಕ್ಕರೆ ಶಾಸ್ತ್ರದ ದಿನವೇ, ನಿಲಂಗಾಕ್ಕೆ ಹೊರಟ ಜೀಪಿನಲ್ಲಿ ಹೊಸ ರುಮಾಲು ಸುತ್ತಿಕೊಂಡು ಕೂತಿದ್ದಾಗ ಅರ್ಥವಾಯಿತು.

ಪುಸ್ತಕ ಕೊಟ್ಟವನು ಅಳಿಯನಾಗಬೇಕಾಗಿದ್ದ ಗುರುನಾಥ. ಉದಗೀರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಹುಡುಗ. ಹೆಣ್ಣು ನೋಡಲು ಬಂದ ದಿನ ಅವಲಕ್ಕಿ ತಿನ್ನುತ್ತ, ಮಾವನಿಗೆ ಓದುವ ಹವ್ಯಾಸ ಇದೆಯೇ ಎಂದು ಕೇಳಿದ್ದ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ಕುರಿಗಳ ಹಿಂದೆ ಹೋದ ಕಾಶೆಪ್ಪ, ಇಲ್ಲವೆನ್ನಲು ನಾಚಿ ಇದೆ ಎಂದುಬಿಟ್ಟ. ಎಂಟು ದಿನಕ್ಕೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಪುಸ್ತಕ ಬಂತು. ತೆಳ್ಳಗಿನ ಮರಾಠಿ ಪುಸ್ತಕ, ಒಳಗೊಂದು ಚೀಟಿ: 'ಮಾಮಾ, ಭೇಟಿಯಾದಾಗ ಇದರ ಬಗ್ಗೆ ಮಾತಾಡೋಣ.'

ಅಂದಿನಿಂದ ಕಾಶೆಪ್ಪನ ಊಟ ನಿದ್ದೆ ಎರಡೂ ಅರ್ಧವಾದವು. ಗಿರಾಕಿ ಕಂಬಳಿ ಕೇಳಿದರೆ ಬೆಳಕಿನ ವೇಗ ಹೇಳುವಷ್ಟು ಓದಿದ. ಮೂರು ತಿಂಗಳಲ್ಲಿ ನಲವತ್ತೊಂದು ಪುಟ ದಾಟಿದ. ನಲವತ್ತೆರಡನೆಯ ಪುಟದಲ್ಲಿ ಮಾತ್ರ, ಕೆಸರಲ್ಲಿ ಸಿಕ್ಕ ಎತ್ತಿನ ಹಾಗೆ ನಿಂತುಬಿಟ್ಟ. ಎರಡು ಸಂಗತಿಗಳು ಒಬ್ಬನಿಗೆ ಒಂದೇ ಕಾಲಕ್ಕೆ ಆಗುತ್ತವೆ. ಅವೇ ಎರಡು, ಚಲಿಸುತ್ತಿರುವ ಇನ್ನೊಬ್ಬನಿಗೆ ಒಂದಾದ ಮೇಲೆ ಒಂದು ಆಗುತ್ತವೆ. ಇಬ್ಬರೂ ಹೇಳುವುದು ಖರೆ. ಹೀಗಂತ ಚಿತ್ರ ಸಮೇತ ಬರೆದಿತ್ತು. ಇಬ್ಬರಲ್ಲಿ ಒಬ್ಬ ಸುಳ್ಳ ಎಂದೇ ಕಾಶೆಪ್ಪನ ಅನಿಸಿಕೆ. ಯಾರು ಸುಳ್ಳ ಎಂಬುದಷ್ಟೇ ತಿಳಿಯುತ್ತಿರಲಿಲ್ಲ.

ಇನ್ನು ಆ ದಿನದ ಶಾಸ್ತ್ರದ ಮಾತು ಹೇಳಬೇಕು. ಅದು ಸಾಟಿ ಸಂಬಂಧ. ಕಾಶೆಪ್ಪನ ಮಗಳು ಸೋನಾಲಿ ಉದಗೀರದ ರೇವಣಪ್ಪನ ಮಗ ಗುರುನಾಥನಿಗೆ. ರೇವಣಪ್ಪನ ಮಗಳು ಸೀಮಾ ಕಾಶೆಪ್ಪನ ಮಗ ಬಾಳುವಿಗೆ. ಎರಡೂ ಮನೆಯ ಹಿರಿಯರು ತಮ್ಮ ತಮ್ಮ ಸೊಸೆಯಾಗುವವಳ ಉಡಿಗೆ ಸಕ್ಕರೆ ಪುಡಿಕೆ ಹಾಕಿದರೆ ಮಾತು ಗಟ್ಟಿಯಾಯಿತು. ಆದರೆ ಅವರ ಬಳಗದಲ್ಲಿ ಒಂದು ಪದ್ಧತಿ ಉಂಟು. ಯಾರ ಕೈ ಮೊದಲು ಮುಂದಾಯಿತೋ ಅವರು ಹೆಣ್ಣು ಬೇಡಿದವರು. ಬೇಡಿದವರು ಇನ್ನೊಂದು ಮನೆಯವರಿಗೆ ಅಲ್ಲೇ ಬಾಗಿ ನಮಸ್ಕಾರ ಮಾಡಬೇಕು. ಮುಂದೆ ಪ್ರತಿ ದೀಪಾವಳಿಗೆ ಅವರ ಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು ಮತ್ತೆ ಬಾಗಬೇಕು, ಜೀವ ಇರುವ ತನಕ. ಆದ್ದರಿಂದ ಎರಡೂ ಕೈ ಒಂದೇ ಕಾಲಕ್ಕೆ ಹೋಗಬೇಕು.

ಈ ಒಂದೇ ಕಾಲವೇ ಎರಡು ಸಲ ಕೈಕೊಟ್ಟಿತ್ತು. ಮೊದಲ ಸಲ ಲೋಹಾರಾದಲ್ಲಿ ಇಬ್ಬರೂ ಹಿರಿಯರು ಕೈ ಚಾಚಿ, ಇನ್ನೊಬ್ಬ ಹಾಕಲೆಂದು ಕಾಯುತ್ತ ಎಷ್ಟು ಹೊತ್ತು ನಿಂತರೆಂದರೆ, ಪುಡಿಕೆಗೆ ಇರುವೆ ಹತ್ತಿದವು. ಎರಡನೆಯ ಸಲ ಒಬ್ಬರಿಗೆ ಸೀನು ಬಂದು ಶಾಸ್ತ್ರ ನಿಂತಿತು. ಆ ಸೀನು ಬೇಕೆಂದೇ ಸೀನಿದ್ದು ಎಂದು ಇಂದಿಗೂ ಮಾತಿದೆ. ಇದು ಮೂರನೆಯದು. ಇದೂ ತಪ್ಪಿದರೆ ದೇವಣಿಯಲ್ಲಿ ಬೇರೆ ಮನೆ ನೋಡುವುದಾಗಿ ರೇವಣಪ್ಪ ಹೇಳಿ ಕಳಿಸಿದ್ದ. ಅದನ್ನು ಕೇಳಿದ ದಿನ ಸೋನಾಲಿ ಉಣ್ಣದೆ ಮಲಗಿದಳು. ಮಗಳು ಗುರುನಾಥನನ್ನು ಎಷ್ಟು ಒಪ್ಪಿದ್ದಾಳೆ ಎಂಬುದು ಕಾಶೆಪ್ಪನಿಗೆ ಆಗ ತಿಳಿಯಿತು.

ಹೊರಡುವ ಮೊದಲು ಹೆಂಡತಿ ಅನುಸೂಯಾಬಾಯಿ ಕುಲದೇವರು ಬೀರಪ್ಪನ ಭಂಡಾರದ ಅರಿಶಿನವನ್ನು ಗಂಡನ ಹಣೆಗೆ ಹಚ್ಚಿ, ಆ ಹಚ್ಚಿದ ಕೈಯಲ್ಲೇ ಮಾತು ತೆಗೆದುಕೊಂಡಳು.

"ಇವತ್ತ ಪುಸ್ತಕದ್ದೊಂದ ಮಾತ ಬಾಯಾಗ ಬರಬಾರ್ದು. ದೇವರ ಭಂಡಾರ ಅದ ಹಣಿ ಮ್ಯಾಲ."

"ಬರಂಗಿಲ್ಲ," ಎಂದ ಕಾಶೆಪ್ಪ. ಪುಸ್ತಕ ಮಾತ್ರ ಅಂಗಿಯ ಕಿಸೆಯಲ್ಲೇ ಇತ್ತು.

ಜೀಪು ನಿಲಂಗಾದ ದಾರಿಯಲ್ಲಿ ಅರ್ಧ ಹೋಗಿರಬೇಕು, ಎದುರಿಗೆ ಒಂದು ಕುರಿ ಹಿಂಡು ಸಿಕ್ಕಿತು. ಹಿಂಡಿನ ಮುಂದೊಬ್ಬ ಕುರುಬ, ಹಿಂದೊಬ್ಬ. ಇಬ್ಬರ ಹೆಗಲಿಗೂ ಹಿತ್ತಾಳೆಯ ತಂಬಿಗೆ. ಹಿಂಡಿನ ನಟ್ಟನಡುವೆ ರಸ್ತೆಯ ಬದಿಗೆ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು ನಿಂತಿದ್ದಳು. ಜೀಪು ಅವಳ ಪಕ್ಕಕ್ಕೆ ಬಂದಾಗ ಬಿಸಿಲು ಬಿದ್ದು ಎರಡೂ ತಂಬಿಗೆ ಫಳ್ಳೆಂದವು.

ಕಾಶೆಪ್ಪನ ತಲೆಯಲ್ಲೂ ಏನೋ ಫಳ್ಳೆಂದಿತು.

ನಿಂತ ಹೆಂಗಸಿಗೆ ಎರಡೂ ಒಂದೇ ಕಾಲಕ್ಕೆ ಹೊಳೆದವು. ಮುಂದೆ ಹೋಗುತ್ತಿರುವ ನನಗೆ ಜೀಪಿನ ಮುಂದಿರುವ ತಂಬಿಗೆಯ ಬೆಳಕು ಮೊದಲು ಸಿಕ್ಕಿತು. ಇಷ್ಟು ಮೊದಲೇ ತಿಳಿದಿತ್ತು. ಆದರೆ ಬೆಳಕು ಕುರಿಯಲ್ಲ. ಎದುರು ಹೋದವನಿಗೆ ಜೋರಾಗಿ ಬರುವುದಿಲ್ಲ, ಓಡಿಹೋಗುವವನಿಗೆ ಮೆಲ್ಲಗೆ ಬರುವುದಿಲ್ಲ. ಯಾರು ಅಳೆದರೂ ಅದರ ನಡೆ ಒಂದೇ. ನಾನು ಕೂತಲ್ಲಿಂದ ನೋಡಿದರೆ ಎರಡೂ ತಂಬಿಗೆ ನನಗೆ ಸಮ ದೂರ, ಎರಡೂ ಬೆಳಕಿನದು ಸಮ ನಡೆ. ಆದರೂ ಒಂದು ಮೊದಲು ಬಂತು. ಅಂದರೆ ನನ್ನ ಲೆಕ್ಕಕ್ಕೆ ಮುಂದಿನದು ಮೊದಲು ಹೊಳೆದದ್ದೇ ಖರೆ. ಹೆಂಗಸಿನ ಲೆಕ್ಕಕ್ಕೆ ಎರಡೂ ಕೂಡಿ ಹೊಳೆದದ್ದೂ ಖರೆ. ಯಾರೂ ಸುಳ್ಳ ಅಲ್ಲ. 'ಒಂದೇ ಕಾಲ' ಎಂಬುದೇ ಎಲ್ಲರಿಗೂ ಒಂದೇ ಅಲ್ಲ.

ಕಾಶೆಪ್ಪನಿಗೆ, ಐವತ್ತೈದು ವರ್ಷ ಕಣ್ಣ ಮುಂದೆಯೇ ಇದ್ದ ಲೋಕಕ್ಕೆ ಯಾರೋ ಹೊಸ ಬಾಗಿಲು ತೆಗೆದಂತಾಯಿತು. ಅಂಥ ತಂಬಿಗೆ ಹೊತ್ತು ಜೀವ ಸವೆಸಿದ ಅಪ್ಪ ಇಂದು ಇದ್ದಿದ್ದರೆ, ಅವನ ಪಕ್ಕ ಬೇವಿನ ನೆರಳಲ್ಲಿ ಕೂತು ಇದನ್ನು ಹೇಳುತ್ತಿದ್ದೆನಲ್ಲ ಎಂದು ಕಣ್ಣೂ ತುಂಬಿದವು. ಹೇಳಲು ಬಾಯಿ ತೆರೆದ. ಹೆಂಡತಿ ಅವನ ಹಣೆಯನ್ನೇ ನೋಡುತ್ತಿದ್ದಳು. ಬಿಸಿ ಬಿಸಿ ಕಡುಬು ಬಾಯಲ್ಲಿಟ್ಟುಕೊಂಡವನ ಹಾಗೆ ನಿಲಂಗಾದ ತನಕ ಕೂತ.

ಯಾರೂ ಯಾರ ಊರಿಗೂ ಹೋಗಬಾರದೆಂದು ನಡುವಿನ ನಿಲಂಗಾದಲ್ಲಿ ಶಾಸ್ತ್ರ. ಕಾಳಿನ ವ್ಯಾಪಾರಿ ಜಗದೇವಪ್ಪ ಶೇಟ್ರ ವಾಡೆಗೆ ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಬಾಗಿಲು. ಯಾರೂ ಯಾರ ಹಿಂದೆ ಒಳಗೆ ಬರಬೇಕಾಗಿಲ್ಲ. ಶೇಟ್ರು ಶಿವಭಕ್ತರು, ಒಳ್ಳೆಯವರು, ಆದರೆ ಪರರ ಮನೆಯ ಪಂಚಾಯತಿ ಇಲ್ಲದ ದಿನ ಅವರಿಗೆ ಅನ್ನ ಕರಗುತ್ತಿರಲಿಲ್ಲ.

ನಡುಮನೆಯ ಪೂರ್ವದ ಗೋಡೆಗೆ ಸೀಮಾ, ಪಶ್ಚಿಮದ ಗೋಡೆಗೆ ಸೋನಾಲಿ ಉಡಿ ಒಡ್ಡಿ ಕೂತರು. ಸೀಮಾಳ ಮುಂದೆ ಕಾಶೆಪ್ಪ, ಸೋನಾಲಿಯ ಮುಂದೆ ರೇವಣಪ್ಪ, ಕೈಯಲ್ಲಿ ಪುಡಿಕೆ. ಸಾಕ್ಷಿಗೆ ಮಲಕಮ್ಮ. ಎಂಬತ್ತು ದಾಟಿದ ಮುದುಕಿ. ಕಾಶೆಪ್ಪನಿಗೆ ಸೋದರತ್ತೆ, ರೇವಣಪ್ಪನಿಗೆ ಹೆತ್ತ ತಾಯಿ. ಹುಟ್ಟಿದ್ದು ಉಮರ್ಗಾದ ಮನೆಯಲ್ಲಿ, ಬಾಳಿದ್ದು ಉದಗೀರದ ಮನೆಯಲ್ಲಿ. ಎರಡೂ ಮನೆ ನಂಬುವ ಜೀವ ಅದೊಂದೇ. ಬರೋಬ್ಬರಿ ನಡುವೆ ಕೂಡಬೇಕಲ್ಲ, ನಡುವೆ ಇದ್ದದ್ದು ಶೇಟ್ರ ತೂಗುಮಣೆ. ಅದರ ಮೇಲೆ ಕೂರಿಸಿದರು. ಮುದುಕಿಗೆ ಸುಖವಾಗಲೆಂದು ಶೇಟ್ರು ತಾವೇ ಮೆಲ್ಲಗೆ ತೂಗತೊಡಗಿದರು.

ಮಲಕಮ್ಮ ಬೀರಪ್ಪನ ಹೆಸರು ಹೇಳಿ ಭಂಡಾರ ಹಾರಿಸಿದಳು. ಎರಡೂ ಕೈ ಹೋದವು. ಎರಡೂ ಪುಡಿಕೆ ಬಿದ್ದವು. ಇದ್ದವರೆಲ್ಲ ಕೂಡಿಯೇ ಬಿದ್ದವೆಂದು ಉಸಿರು ಬಿಟ್ಟರು. ಅಷ್ಟಕ್ಕೇ ಪೇಢಾ ಹಂಚಿದ್ದರೆ ಮುಗಿಯುತ್ತಿತ್ತು. ಆದರೆ ರೇವಣಪ್ಪನ ಹೆಂಡತಿ ಮಾಣಿಕಬಾಯಿಗೆ ಸಾಕ್ಷಿಯನ್ನು ಕೇಳದೆ ಸಮಾಧಾನವಿಲ್ಲ.

"ಅತ್ತಿ, ಯಾರ ಕೈ ಮೊದಲ ಹೋತು?"

ಮಲಕಮ್ಮ ತೂಗುತ್ತಲೇ ಯೋಚಿಸಿ, "ನನಗ ಕಾಶ್ಯಾಂದ ಮೊದಲ ಕಂಡಂಗಾತು," ಎಂದಳು.

ವಾಡೆ ಸಂತೆಯಾಯಿತು. ತಾಯಿ ಸುಳ್ಳು ಹೇಳುತ್ತಾಳೆಯೇ ಎಂದು ರೇವಣಪ್ಪ ಮೀಸೆಗೆ ಕೈ ಹಾಕಿದ. ನಾವೆಲ್ಲ ಕುರುಡರೇ ಎಂದು ಉಮರ್ಗಾದವರು ಎದ್ದರು. ಯಾರೋ ಪುಡಿಕೆ ತಿರುಗಿ ತೆಗೆದುಕೊಳ್ಳಿ ಎಂದರು, ಯಾರೋ ತೆಗೆದೇಬಿಟ್ಟರು. ಇನ್ಯಾರೋ ದೇವಣಿಯ ಹೆಸರೆತ್ತಿದರು. ಕಾಶೆಪ್ಪ ಮಗಳ ಕಡೆ ನೋಡಿದ. ಸೋನಾಲಿ ಖಾಲಿ ಉಡಿ ಹಿಡಿದು ತಲೆ ತಗ್ಗಿಸಿದ್ದಳು. ಕಂಬದ ಹತ್ತಿರ ಗುರುನಾಥನ ಮುಖ ಬಾಡಿತ್ತು.

ಕಾಶೆಪ್ಪನ ಬಾಯಲ್ಲಿದ್ದ ಕಡುಬು ಇನ್ನು ನಿಲ್ಲುವ ಹಾಗಿರಲಿಲ್ಲ.

"ಗಪ್ ಆಗ್ರಿ ಎಲ್ಲಾರೂ. ಅತ್ತಿ ಹೇಳೂದೂ ಖರೆ, ನಾವ ಹೇಳೂದೂ ಖರೆ," ಎಂದ. "ಶೇಟ್ರ, ಶಿವನ ಮ್ಯಾಲ ಆಣಿ, ಖರೆ ಹೇಳ್ರಿ. ಅತ್ತಿ ಭಂಡಾರ ಹಾರಿಸ್ದಾಗ ತೂಗುಮಣಿ ಯಾ ಕಡಿ ಹೊಂಟಿತ್ತು?"

"ನಾನೇ ತೂಗ್ಲತ್ತಿದ್ದೆ. ನಿಮ್ಮ ಕಡಿನೇ ಹೊಂಟಿತ್ತು," ಎಂದರು ಶೇಟ್ರು.

ಅನುಸೂಯಾಬಾಯಿ ಹಣೆ ಹಣೆ ಚಚ್ಚಿಕೊಂಡು ತೋರಿಸಿದಳು. ಗಂಡ ನೋಡಲಿಲ್ಲ. ತಂಬಿಗೆಯಿಂದ ಹಿಡಿದು ಬೆಳಕಿನ ನಡೆಯ ತನಕ, ಜೀಪಿನಲ್ಲಿ ನುಂಗಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ತಾನು ನೆಲವಾದ, ತಾನೇ ತೂಗುಮಣೆಯಾದ, ಎರಡು ಲೋಟ ಎತ್ತಿ ತಂಬಿಗೆ ಮಾಡಿದ. ನೆಲದ ಮೇಲೆ ಕೂತವರಿಗೆ ಎರಡೂ ಕೈ ಕೂಡಿ ಹೋದವು, ತನ್ನ ಕಡೆಗೆ ತೂಗಿ ಬರುತ್ತಿದ್ದ ಅತ್ತೆಗೆ ತನ್ನ ಕೈ ಮೊದಲು ಹೋಯಿತು, ಎರಡೂ ಖರೆ. ಹೇಳಿ ಮುಗಿಸಿದಾಗ ರುಮಾಲು ಕಿವಿಯ ಮೇಲೆ ಬಂದಿತ್ತು.

ಎಲ್ಲರೂ ಗುರುನಾಥನ ಮುಖ ನೋಡಿದರು. ಹುಡುಗನ ಕಣ್ಣು ಹೊಳೆಯುತ್ತಿದ್ದವು.

"ಮಾಮಾ ಹೇಳೂದು ಬರೋಬ್ಬರಿ ಅದ," ಎಂದ. "ನನ್ನ ಕ್ಲಾಸಿನಾಗ ಒಬ್ರಿಗೂ ಇಷ್ಟ ಚೆಂದ ತಿಳಿದಿಲ್ಲ."

ಆ ಮಾತಿಗೆ ಕಾಶೆಪ್ಪ ನೆಲಕ್ಕಿಂತ ಒಂದು ಗೇಣು ಮೇಲೆ ನಿಂತ.

"ಫರಕ ಎಷ್ಟ ಬೀಳ್ತದ?" ರೇವಣಪ್ಪ ಮಗನನ್ನು ಕೇಳಿದ.

"ಯಾ ಗಡಿಯಾರಕ್ಕೂ ಸಿಗಲಾರದಷ್ಟ, ಅಪ್ಪಾ. ಆದ್ರ ಫರಕ ಅದ."

"ಇದ್ರ ಸಾಕು," ಎಂದ ರೇವಣಪ್ಪ.

ಎರಡೂ ಮನೆಯವರು ವಿಚಾರ ಮಾಡುತ್ತಿದ್ದರು, ಮತ್ತು ದುರ್ದೈವಕ್ಕೆ ಒಂದೇ ವಿಚಾರ ಮಾಡುತ್ತಿದ್ದರು. ಮೊದಲು ಬಾಯಿ ಬಿಟ್ಟವಳು ಮಾಣಿಕಬಾಯಿ.

"ಅಣ್ಣಾರ, ಹಂಗಾದ್ರ ನಾವು ನಿಮ್ಮ ಕೈ ಕಡಿ ಓಡ್ಕೋತ ಬಂದ್ರ, ನಮಗ ನಿಮ್ಮ ಕೈನೇ ಮೊದಲ ಆಗ್ತದೇನ್ರಿ?"

ಮೊದಲ ಶಿಷ್ಯೆ ಸಿಕ್ಕ ಗುರುವಿನ ಹಾಗೆ ಕಾಶೆಪ್ಪ ಅರಳಿದ. "ಆಗ್ತದ ಅಕ್ಕೋರ. ಎಷ್ಟ ಲಗೂ ತಿಳಕೊಂಡ್ರಿ ನೋಡ್ರಿ. ಎಷ್ಟ ಜೋರ ಓಡ್ತೀರಿ ಅಷ್ಟ ಮೊದಲ."

ಮಾಣಿಕಬಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅದನ್ನು ನೋಡಿ ಬಾಳು ಪ್ಯಾಂಟು ಮಡಿಸಿದ. ಶಾಸ್ತ್ರ ಮತ್ತೊಮ್ಮೆ ಆಗಲಿ ಎಂದು ಎರಡೂ ಕಡೆಯವರು ಒಟ್ಟಿಗೆ ಕೂಗಿದರು. ಆ ದಿನ ಅವರು ಒಪ್ಪಿದ್ದು ಅದೊಂದೇ ಮಾತು. ಉಮರ್ಗಾದವರು ಕಾಶೆಪ್ಪನ ಹಿಂದೆ ಸಾಲಾಗಿ ನಿಂತರು, ರೇವಣಪ್ಪನ ಕೈ ಕಡೆಗೆ ಓಡಲು. ಉದಗೀರದವರು ರೇವಣಪ್ಪನ ಹಿಂದೆ ನಿಂತರು, ಕಾಶೆಪ್ಪನ ಕೈ ಕಡೆಗೆ ಓಡಲು. ಒಬ್ಬ ದೊಡ್ಡಪ್ಪ ಮೊಣಕಾಲು ನೋವೆಂದು ಶೇಟ್ರ ಗಾಲಿ ಕುರ್ಚಿ ಕೇಳಿ, ತಳ್ಳಲು ಒಬ್ಬನನ್ನು ಹಿಡಿದ. ಶೇಟ್ರು ತಮ್ಮ ಹಿತ್ತಾಳೆ ಸಾಮಾನು ಒಳಗೆ ಸಾಗಿಸಿ ಬಂದು ಮತ್ತೆ ತೂಗುಮಣೆಗೆ ಕೈ ಹಚ್ಚಿದರು. ಬೇಡವೆಂದು ಗುರುನಾಥ ಕೈ ಮುಗಿದದ್ದನ್ನು ಯಾರೂ ಲಕ್ಷಿಸಲಿಲ್ಲ. ವಿಜ್ಞಾನ ಗೊತ್ತಾದ ಮೇಲೆ ಮಾಸ್ತರರ ಹಂಗೇನು?

ಮಲಕಮ್ಮ ಮತ್ತೆ ಬೀರಪ್ಪನ ಹೆಸರು ಹೇಳಿದಳು.

ಎರಡು ಮನೆತನ ಒಂದರ ಮೇಲೊಂದು ಬಂತು. ನಡುವೆ ತೂಗುಮಣೆ ಇದೆ ಎಂಬುದನ್ನು ಅದಕ್ಕೆ ತಾಗಿದ ಮೇಲೆ ನೆನೆದರು. ಮಾಣಿಕಬಾಯಿ ಬಾಳುವಿಗೆ ಡಿಕ್ಕಿ ಹೊಡೆದಳು, ಬಾಳು ತಡೆಯಲು ಬಂದ ಗುರುನಾಥನಿಗೆ, ಗುರುನಾಥ ಶೇಟ್ರಿಗೆ, ಶೇಟ್ರು ಭಂಡಾರದ ತಾಟಿಗೆ. ಗಾಲಿ ಕುರ್ಚಿ ದೊಡ್ಡಪ್ಪನನ್ನು ಬಿಟ್ಟು ತಾನೊಂದೇ ಪಶ್ಚಿಮದ ಬಾಗಿಲು ದಾಟಿತು. ತನ್ನ ಮೇಲೆ ಏರಿಬರುತ್ತಿದ್ದ ಉಮರ್ಗಾವನ್ನು ಕಂಡು ರೇವಣಪ್ಪ ಪುಡಿಕೆ ಅಲ್ಲೇ ಒಗೆದು ಕಂಬ ಅಪ್ಪಿದ. ವಾಡೆಯ ತುಂಬ ಅರಿಶಿನದ ಹೊಗೆ. ಸುಗ್ಗಿಯ ಕಣದಲ್ಲಿ ಗಾಳಿ ಎದ್ದ ಹಾಗಾಗಿ ಯಾರಿಗೂ ಯಾರೂ ಕಾಣಲಿಲ್ಲ. ಮಲಕಮ್ಮ ಮಾತ್ರ ಹಗ್ಗ ಹಿಡಿದು ಎಲ್ಲರ ಮೇಲಿಂದ ತೂಗುತ್ತ ನಗುತ್ತಿದ್ದಳು.

ಓಡದೆ ನಿಂತವನು ಕಾಶೆಪ್ಪ ಒಬ್ಬನೇ. ಪುಡಿಕೆ ಹಿಡಿದ ಕೈ ಮರೆತು, ಪುಸ್ತಕದ ಚಿತ್ರಕ್ಕೆ ಜೀವ ಬಂದದ್ದನ್ನು ಬಾಯಿ ತೆರೆದು ನೋಡುತ್ತಿದ್ದ.

ಆಗ ಹೊಗೆಯೊಳಗಿಂದ ಸೋನಾಲಿ ನಡೆದು ಬಂದಳು. ರೇವಣಪ್ಪ ಒಗೆದ ಪುಡಿಕೆ ಅವಳ ಕೈಯಲ್ಲಿತ್ತು. ಅದನ್ನು ಸೀಮಾಳ ಕೈಗೆ ಕೊಟ್ಟಳು. ಅಪ್ಪನ ಕೈಯಲ್ಲಿದ್ದದ್ದನ್ನು ತಾನು ತೆಗೆದುಕೊಂಡಳು.

"ಇವ್ರದು ಮುಗಿಯಂಗಿಲ್ಲ ಸೀಮಾ. ಉಡಿ ಹಿಡಿ," ಎಂದು ಅವಳ ಉಡಿಗೆ ಹಾಕಿದಳು. ಸೀಮಾ ಉಡಿ ಗಂಟು ಕಟ್ಟಿಕೊಂಡು, ನಕ್ಕು, ತನ್ನ ಕೈಯಲ್ಲಿದ್ದದ್ದನ್ನು ಸೋನಾಲಿಯ ಉಡಿಗೆ ಹಾಕಿದಳು.

ಹೊಗೆ ಇಳಿದಾಗ ಹಳದಿ ಮುಖಗಳು ನೆಲದಿಂದ ಒಂದೊಂದಾಗಿ ಮೇಲೆದ್ದು, ಇಬ್ಬರು ಹುಡುಗಿಯರ ತುಂಬಿದ ಉಡಿ ನೋಡಿದವು.

"ಉಡಿ ತುಂಬ್ಯಾವ. ಬೀರಪ್ಪ ಮಾತ ಗಟ್ಟಿ ಮಾಡ್ಯಾನ," ಎಂದಳು ಮಲಕಮ್ಮ. "ಇನ್ನ ಪುಡಿಕಿ ತಿರುಗಿ ತಗೊಂಡವ್ರ ಕೈ ಮುರೀತೀನಿ."

ಅನುಸೂಯಾಬಾಯಿ ಅತ್ತೇಬಿಟ್ಟಳು. ಗುರುನಾಥನೂ ಸೋನಾಲಿಯೂ ಒಬ್ಬರನ್ನೊಬ್ಬರು ನೋಡಿದರು. ಯಾರು ಮೊದಲು ನೋಡಿದರೆಂದು ಯಾರೂ ಕೇಳಲಿಲ್ಲ. ರೇವಣಪ್ಪ ಕಂಬ ಬಿಟ್ಟು ಬಂದು ಕಾಶೆಪ್ಪನನ್ನು ತಬ್ಬಿದ. ಪೇಢಾದ ಡಬ್ಬಿ ತೆರೆಯಿತು. ಎಲ್ಲ ಒಳ್ಳೆಯದಾಗುತ್ತಿತ್ತು, ಜಗದೇವಪ್ಪ ಶೇಟ್ರ ಬಾಯಿಗೆ ಪೇಢಾ ಒಂದು ಗಳಿಗೆ ಮೊದಲು ಬಿದ್ದಿದ್ದರೆ.

"ಅಲ್ರಿ, ಹುಡುಗ್ಯಾರು ಹಾಕ್ದಾಗ ಯಾರ ಕೈ ಮೊದಲ ಹೋತು?"

ಡಬ್ಬಿ ಮುಚ್ಚಿತು. ನೆಲಕ್ಕೆ ಬಿದ್ದವರು ಯಾರೂ ನೋಡಿರಲಿಲ್ಲ. ಮಲಕಮ್ಮ ಅತ್ತ ತಿರುಗಿ ತೂಗುತ್ತಿದ್ದಳು. ಎಲ್ಲರ ಕಣ್ಣು ನಿಂತವನ ಮೇಲೆ ನಿಂತವು. ಕಾಶೆಪ್ಪ ಹಣೆಯ ಭಂಡಾರ ಮುಟ್ಟಿಕೊಂಡ. ಸುಳ್ಳು ಹೇಳುವ ಹಾಗಿಲ್ಲ. ಹೇಳುವ ಗರಜೂ ಇಲ್ಲ ಎನಿಸಿತು. ಪುಸ್ತಕ ಇರುವಾಗ ಭಯ ಯಾತರದ್ದು?

"ನಿಂತ ನನಗ ಸೋನಾಲಿ ಕೈ ಮೊದಲ ಹೋತು, ಸೀಮಾ ಉಡಿ ಗಂಟ ಕಟ್ಟಕೊಂಡ ಆಮ್ಯಾಲ ಹಾಕಿದ್ಳು," ಎಂದ, ಧೈರ್ಯವಾಗಿ. "ಆದ್ರ ಸೀಮಾನ ಕೈ ಕಡಿ ಜೋರ ಓಡಾಂವಗ ಸೀಮಾಂದೇ ಮೊದಲ. ಎರಡೂ ಖರೆ. ಹೌದಲ್ಲೊ ಗುರುನಾಥ?"

ಗುರುನಾಥ ಸಂತೋಷದಿಂದ ಮುಂದೆ ಬಂದ. ಇಂಥ ಮಾವ ಯಾರಿಗೆ ಸಿಕ್ಕಾರು? ಇಂಥವರಿಗೆ ಅರ್ಧ ತಿಳಿಸಿ ಬಿಡುವುದು ಪಾಪ.

"ಅದು ಹಂಗಲ್ಲ ಮಾಮಾ. ಸೋನಾಲಿ ಹಾಕಿ, ಸೀಮಾ ಗಂಟ ಕಟ್ಟಿ, ಆಮ್ಯಾಲ ಹಾಕ್ಯಾಳ. ಇಬ್ರ ನಡುವ ಇದ್ದದ್ದು ಒಂದ ಮೊಳ. ಅಷ್ಟ ಹೊತ್ತಿನಾಗ ಬೆಳಕು ಆ ಒಂದ ಮೊಳ ಕೋಟಿ ಸಲ ದಾಟ್ತದ. ಹಂಗಿದ್ದಾಗ ಯಾರು ಎಷ್ಟ ಓಡಿದ್ರೂ, ಯಾ ಕಡಿ ಓಡಿದ್ರೂ, ಮೊದಲಿಂದು ಮೊದಲೇ. ಬಾಜೂಕ ನೋಡ್ರಿ, ನಲವತ್ತಮೂರನೇ ಪುಟದಾಗ ಬರ್ದದ."

ಕಾಶೆಪ್ಪ ನಲವತ್ತೆರಡರಲ್ಲೇ ನಿಂತಿದ್ದ.

ರೇವಣಪ್ಪನ ಮೀಸೆ ತನ್ನಷ್ಟಕ್ಕೆ ಮೇಲೇರಿತು. ಉದಗೀರದವರು ಅರಿಶಿನ ಝಾಡಿಸಿಕೊಂಡು ಸಾಲಾಗಿ ನಿಂತರು. ಬೇಡಿದವರು ಬಾಗಬೇಕು. ಅನುಸೂಯಾಬಾಯಿ ಗಂಡನ ಹಣೆಯನ್ನು ಒಮ್ಮೆ, ಕಿಸೆಯನ್ನು ಒಮ್ಮೆ ನೋಡಿ ಮುಖ ತಿರುಗಿಸಿದಳು.

ಕಾಶೆಪ್ಪ ರುಮಾಲು ತೆಗೆದು ಬಾಗಿದ. ಬಾಗಿದ್ದಕ್ಕೆ ಕಿಸೆಯಿಂದ ಪುಸ್ತಕ ಜಾರಿ ರೇವಣಪ್ಪನ ಪಾದದ ಹತ್ತಿರ ಬಿತ್ತು. ಬಿದ್ದದ್ದು ತೆರೆದೇ ಬಿತ್ತು. ನಲವತ್ತಮೂರನೆಯ ಪುಟ.

ಗಳಿಗೆಗಳು ಕಳೆದವು. ಕಾಶೆಪ್ಪ ಏಳಲಿಲ್ಲ. ಇಂಥ ವಿನಯವನ್ನು ಉದಗೀರದವರು ಕಂಡಿರಲಿಲ್ಲ. ಮಾಣಿಕಬಾಯಿ ಕಣ್ಣೊರೆಸಿಕೊಂಡಳು. ಇಂದಿನಿಂದ ಪ್ರತಿ ದೀಪಾವಳಿಗೂ ಉಮರ್ಗಾದವರ ನಮಸ್ಕಾರ ಇಷ್ಟೇ ಉದ್ದ ಇರಬೇಕೆಂದು ರೇವಣಪ್ಪ ಗದ್ಗದಿತನಾಗಿ ಸಾರಿದ. ಶೇಟ್ರು ಗೋಡೆಯ ಗಡಿಯಾರ ನೋಡಿಟ್ಟುಕೊಂಡರು.

"ಸಾಕ ಏಳೋ ಕಾಶ್ಯಾ, ಸೊಂಟ ಹಿಡದೀತು," ಎಂದಳು ಮಲಕಮ್ಮ.

"ತಡಿ ಅತ್ತಿ," ಎಂದು ನೆಲದ ಕಡೆಯಿಂದ ಧ್ವನಿ ಬಂತು. "ಇನ್ನ ನಾಕ ಸಾಲ ಅದಾವ."